ಅಪ್ಪನ ಕಾರ್ಟಿಗೆ ಕಾಯಿಲೋವರ್: ಮೂರು ಸಲ ಕಟ್ಟಿ ಬಿಚ್ಚಿದ ಲೆಕ್ಕ

ಅಪ್ಪನ ಗಾಲ್ಫ್ ಕಾರ್ಟಿನ ಮುಂದಿನ ಸಸ್ಪೆನ್ಷನ್ ಬದಲಿಸುವ ಕೆಲಸ ಮುಗಿದು ಒಂದು ತಿಂಗಳಾಯಿತು. ಕಾರ್ಟ್ ದಿನಾ ಓಡುತ್ತಿದೆ. ಮರೆತು ಹೋಗುವ ಮುಂಚೆ ಎಲ್ಲ ಬರೆದಿಡುತ್ತಿದ್ದೇನೆ. ಅಳತೆ, ಖರ್ಚು, ಮಾಡಿದ ತಪ್ಪು ಎಲ್ಲವೂ ಇದರಲ್ಲಿದೆ. ತಪ್ಪುಗಳನ್ನೇ ಹೆಚ್ಚು ಗಮನ ಇಟ್ಟು ಓದಿ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಅವೇ ಉಪಯೋಗಕ್ಕೆ ಬರುತ್ತವೆ.

ನಮ್ಮ ಗದ್ದೆ ಇರುವುದು ಸಾಣಾಪುರದ ಹತ್ತಿರ. ಮನೆಯಿಂದ ಒಂದೂವರೆ ಕಿಲೋಮೀಟರ್. ಅರ್ಧ ಡಾಂಬರು, ಅರ್ಧ ಕಾಲುವೆ ಪಕ್ಕದ ಮಣ್ಣಿನ ದಾರಿ. ಅಪ್ಪನಿಗೆ ಬೆನ್ನಿನ ಡಿಸ್ಕ್ ತೊಂದರೆ ಬಂದ ಮೇಲೆ ಡಾಕ್ಟರು ಬೈಕ್ ಹತ್ತಬೇಡಿ ಅಂದರು. ಆದರೆ ಗದ್ದೆ ನೋಡದೆ ಅಪ್ಪನಿಗೆ ದಿನ ಹೋಗುವುದಿಲ್ಲ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವ ಬ್ಯಾಟರಿ ಗಾಡಿಯಲ್ಲಿ ಒಮ್ಮೆ ಕೂತಿದ್ದರು. ಅಂಥದ್ದೊಂದು ಇದ್ದರೆ ಸಾಕು ಅಂದಿದ್ದರು. ಹಳೆ ಸಾಮಾನು ಮಾರುತ್ತಿದ್ದ ಒಂದು ರೆಸಾರ್ಟಿನವರಿಂದ 48 ವೋಲ್ಟಿನ, ನಾಲ್ಕು ಸೀಟಿನ ಗಾಲ್ಫ್ ಕಾರ್ಟ್ ತಂದೆವು. ಬ್ಯಾಟರಿ ಹೊಸದು ಹಾಕಿಸಿದೆವು.

ಗಾಡಿ ಚೆನ್ನಾಗಿಯೇ ಓಡಿತು. ಆದರೆ ಮುಂದಿನ ಸಸ್ಪೆನ್ಷನ್ ಕಲ್ಲಿನಂತಿತ್ತು. ಎರಡನೇ ದಿನವೇ ಅಪ್ಪ ಇಳಿದು ಸೊಂಟ ಹಿಡಿದುಕೊಂಡು ನಿಂತರು. "ಇದಕ್ಕಿಂತ ಎತ್ತಿನ ಗಾಡಿನಾ ಚಲೋ ಇತ್ತಪ್ಪ" ಅಂದರು. ಗಾಲ್ಫ್ ಕಾರ್ಟ್ ಮಾಡಿರುವುದು ಕತ್ತರಿಸಿದ ಹುಲ್ಲಿನ ಮೇಲೆ ಓಡಲಿಕ್ಕೆ. ನಮ್ಮ ಕಾಲುವೆ ದಾರಿಗೆ ಅಲ್ಲ. ಹೊರದೇಶದ ರೆಡಿ ಕಾಯಿಲೋವರ್ (ಸ್ಪ್ರಿಂಗ್ ಸುತ್ತಿದ ಶಾಕ್) ಕಿಟ್ ವಿಚಾರಿಸಿದೆ. ಸಾಗಣೆ, ಸುಂಕ ಎಲ್ಲ ಸೇರಿದರೆ ಕಾರ್ಟಿಗೆ ಕೊಟ್ಟ ದುಡ್ಡಿನ ಅರ್ಧ ಆಗುತ್ತಿತ್ತು. ಅದೂ ಬೇರೆ ಮಾಡೆಲ್‌ನ ಚಾಸಿಗೆ ಮಾಡಿದ್ದು. ನಾನು ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಫಿಟ್ಟರ್. ವೆಲ್ಡಿಂಗ್ ಮಷಿನ್, ಗ್ರೈಂಡರ್, ವೇ ಬ್ರಿಡ್ಜ್ ಎಲ್ಲ ಅಲ್ಲೇ ಇದೆ. ಭಾನುವಾರ ಹಿಂದಿನ ಶೆಡ್ ಬಳಸಿಕೊಳ್ಳಲು ಮಾಲೀಕರು ಒಪ್ಪಿದರು. ನಾವೇ ಮಾಡೋಣ ಅಂತ ಶುರು ಮಾಡಿದೆ.

1. ಜನವರಿ 5, 2025: ತೂಕ, ಅಳತೆ, ಬಿಚ್ಚುವುದು

ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕಾರ್ಟನ್ನು ಮಿಲ್‌ಗೆ ತಂದು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಪೂರ್ತಿ ಗಾಡಿ 480 ಕೆ.ಜಿ. ಆಮೇಲೆ ಮುಂದಿನ ಚಕ್ರ ಮಾತ್ರ ಕಾಟಾ ಮೇಲೆ, ಹಿಂದಿನವು ರಸ್ತೆ ಮೇಲೆ: 180 ಕೆ.ಜಿ. ಮುಂದಿನ ಸೀಟಿನಲ್ಲಿ ಇಬ್ಬರು ಕೂತಾಗ 245. ಅಂದರೆ ಒಂದೊಂದು ಮುಂದಿನ ಚಕ್ರದ ಮೇಲೆ ಖಾಲಿ ಇದ್ದಾಗ 90, ಜನ ಕೂತಾಗ 122 ಕೆ.ಜಿ. ಇದರಲ್ಲಿ ಚಕ್ರ, ಹಬ್, ಆಕ್ಸಲ್‌ನ ಅರ್ಧ ಭಾಗದ ತೂಕ ಸ್ಪ್ರಿಂಗ್ ಮೇಲೆ ಬರುವುದಿಲ್ಲ. ಬಿಚ್ಚಿದ ಮೇಲೆ ತೂಗು ತಕ್ಕಡಿಗೆ ಹಾಕಿ ನೋಡಿದೆ, ಒಂದು ಬದಿಗೆ ಸುಮಾರು 20 ಕೆ.ಜಿ. ಹಾಗಾಗಿ ಒಂದು ಸ್ಪ್ರಿಂಗ್ ಹೊರಬೇಕಾದ್ದು ಖಾಲಿಗೆ 70, ಜನ ಕೂತರೆ 102.

ಈ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಟ್ಟೆ. ಆದರೆ ಶಾಕ್ ಕೊಳ್ಳುವಾಗ ಅವನ್ನು ಬಳಸಲಿಲ್ಲ. ಅದೇ ನನ್ನ ಮೊದಲ ತಪ್ಪು.

ಬಿಚ್ಚುವ ಮುಂಚೆ ಕರೆಂಟಿನ ಕೆಲಸ. ಕೀ ಆಫ್ ಮಾಡಿ, ಗಾಡಿ ಎಳೆದೊಯ್ಯುವಾಗ ಹಾಕುವ ಟೋ ಸ್ವಿಚ್ ಹಾಕಿ, ಬ್ಯಾಟರಿಯ ನೆಗೆಟಿವ್ ವೈರ್ ತೆಗೆದೆ. ಎಂಟು ವೋಲ್ಟಿನ ಆರೂ ಬ್ಯಾಟರಿ ಹೊರಗಿಟ್ಟೆ. ಒಂದೊಂದೂ 29 ಕೆ.ಜಿ., ಇಬ್ಬರು ಬೇಕು. ಇದನ್ನು ಯಾರೂ ಬಿಡಬೇಡಿ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದರ ಪಕ್ಕ ವೆಲ್ಡಿಂಗ್ ಕಿಡಿ ಹಾರಬಾರದು. ಮೋಟಾರ್ ನಡೆಸುವ ಕಂಟ್ರೋಲರ್‌ನ ದಪ್ಪ ವೈರ್‌ಗಳನ್ನೂ ಬಿಚ್ಚಿ ಟೇಪ್ ಸುತ್ತಿದೆ. ವೆಲ್ಡಿಂಗ್ ಅರ್ಥ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಿಡಿಸಬೇಕು, ದೂರ ಬೇಡ.

ಮುಂದೆ ಇದ್ದದ್ದು ಉದ್ದಕ್ಕೆ ಹಾಕಿದ ಎರಡು ಲೀಫ್ ಸ್ಪ್ರಿಂಗ್. ನಮ್ಮ ಗ್ಯಾರೇಜುಗಳಲ್ಲಿ ಪಟ್ಟಾ ಅಂತಾರೆ. ಒಂದೊಂದರಲ್ಲಿ ಮೂರು ಪ್ಲೇಟ್. ಬಲಗಡೆ ಒಂದು ಪ್ಲೇಟ್ ತುಂಡಾಗಿತ್ತು, ಶಾಕ್‌ಗಳಿಂದ ಎಣ್ಣೆ ಸೋರಿತ್ತು. ಆಕ್ಸಲ್ ಮತ್ತು ಚಾಸಿ ನಡುವೆ ಇದ್ದ ಜಾಗ 45 ಮಿ.ಮೀ. ಮಾತ್ರ. ಚಕ್ರ ಎಡ ಬಲ ತಿರುಗುವ ಕೀಲಿನ ಪಿನ್, ಅಂದರೆ ಕಿಂಗ್‌ಪಿನ್, ಅದರ ಬುಷ್ (ಪಿನ್ ಕೂರುವ ಕೊಳವೆ) ಕೂಡ ಸವೆದು ಹೋಗಿತ್ತು. ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಲಟಲಟ ಅನ್ನುತ್ತಿತ್ತು. ಸಸ್ಪೆನ್ಷನ್ ಬೈಯುವ ಮುಂಚೆ ಎಲ್ಲರೂ ಇದನ್ನು ನೋಡಲೇಬೇಕು. ಬುಷ್ ಬದಲಾಯಿಸಿದೆ.

ಕಿಂಗ್‌ಪಿನ್‌ನ ಓರೆಯನ್ನು ಮೊಬೈಲಿನ ಆಂಗಲ್ ಆ್ಯಪ್ ಹಿಡಿದು ನೋಡಿದೆ, ಹಿಂದಕ್ಕೆ 5 ಡಿಗ್ರಿ. ಆಕ್ಸಲ್‌ನ ಜಾಗವನ್ನು ಚಾಸಿ ಮೇಲೆ ಪಂಚ್ ಗುರುತು ಹಾಕಿಟ್ಟೆ. ಈ ಎರಡು ಗುರುತು ಇಲ್ಲದಿದ್ದರೆ ಮುಂದೆ ನಾನು ಪೂರ್ತಿ ದಾರಿ ತಪ್ಪುತ್ತಿದ್ದೆ.

2. ಜನವರಿ 12: ಮೊದಲ ಕಟ್ಟು

ಕಾಯಿಲೋವರ್ ಅಂದರೆ ದೊಡ್ಡ ವಿಷಯ ಏನಲ್ಲ. ಶಾಕ್ ಸುತ್ತ ಸ್ಪ್ರಿಂಗ್ ಕೂತಿರುತ್ತದೆ, ಅಷ್ಟೇ. ಬೈಕಿನ ಹಿಂದಿನ ಎರಡು ಶಾಕ್ ಕೂಡ ಅದೇ ಜಾತಿ. ಗುಜರಿಯಲ್ಲಿ 100 ಸಿಸಿ ಬೈಕಿನ ಒಂದು ಜೊತೆ ಸಿಕ್ಕಿತು, 900 ರೂಪಾಯಿ. ಎರಡು ತುದಿಯ ಬೋಲ್ಟ್ ತೂತುಗಳ ನಡುವೆ 320 ಮಿ.ಮೀ. ಉದ್ದ ಸರಿ ಹೋಗುತ್ತದೆ ಅಂತ ತಂದುಬಿಟ್ಟೆ.

ಪಟ್ಟಾ ತೆಗೆದ ಮೇಲೆ ಆಕ್ಸಲ್ ಹಿಡಿದುಕೊಳ್ಳಲು ಏನಾದರೂ ಬೇಕಲ್ವಾ? 38 ಮಿ.ಮೀ. ಹೊರ ಅಳತೆಯ, 3 ಮಿ.ಮೀ. ದಪ್ಪದ ಪೈಪಿನಲ್ಲಿ 420 ಮಿ.ಮೀ. ಉದ್ದದ ಎರಡು ಆರ್ಮ್ ಮಾಡಿದೆ. ಹಿಂದಿನ ತುದಿಗೆ ರಬ್ಬರ್ ಬುಷ್, ಚಾಸಿಗೆ ಬೋಲ್ಟ್. ಮುಂದಿನ ತುದಿಯನ್ನು ಆಕ್ಸಲ್ ಬ್ರಾಕೆಟಿಗೆ ಎರಡೆರಡು ಬೋಲ್ಟ್ ಹಾಕಿ ಅಲುಗಾಡದಂತೆ ಬಿಗಿದೆ. ಗಟ್ಟಿ ಇದ್ದಷ್ಟು ಒಳ್ಳೆಯದು ಅಂದುಕೊಂಡೆ.

ಶಾಕ್‌ನ ಮೇಲಿನ ತುದಿಗೆ 6 ಮಿ.ಮೀ. ಪ್ಲೇಟಿನಲ್ಲಿ ಟವರ್ ಕಟ್ಟಿದೆ. ಮೇಲ್ಭಾಗ 12 ಡಿಗ್ರಿ ಒಳಗೆ ವಾಲಿದೆ. ಇಲ್ಲಿ ಒಂದು ಮಾತು. ಪಟ್ಟಾ ಇದ್ದಾಗ ಭಾರ ಚಾಸಿಯ ಎರಡು ಕಡೆ ಹಂಚಿ ಬೀಳುತ್ತದೆ. ಕಾಯಿಲೋವರ್ ಹಾಕಿದರೆ ಎಲ್ಲ ಏಟು ಒಂದೇ ಜಾಗಕ್ಕೆ. ಚಾಸಿಯ ಪೈಪ್ ಬರೀ 2 ಮಿ.ಮೀ. ದಪ್ಪ ಇತ್ತು. ಅದಕ್ಕೆ ಟವರ್ ಕೆಳಗೆ 150 ಮಿ.ಮೀ. ಉದ್ದದ ಪ್ಲೇಟ್ ಕೂರಿಸಿ ಆಮೇಲೆ ವೆಲ್ಡಿಂಗ್ ಹಾಕಿದೆ. ಎರಡು ಟವರ್ ನಡುವೆ ಅಡ್ಡ ಪೈಪ್ ಬಿಗಿದೆ. ಈ ಭಾಗ ಮೊದಲ ದಿನದಿಂದ ಇವತ್ತಿನವರೆಗೆ ಬದಲಾಗಿಲ್ಲ.

3. ಜನವರಿ 14, ಸಂಕ್ರಾಂತಿ: ಧಡ್

ಹಬ್ಬದ ದಿನ ಮನೆಯವರೆಲ್ಲ ಹೊಳೆ ಕಡೆ ಹೊರಟಿದ್ದರು. ಅಪ್ಪನನ್ನು ಕಾರ್ಟಿನಲ್ಲಿ ಕೂರಿಸಿಕೊಂಡೆ. ಮೊದಲ ನೂರು ಮೀಟರ್ ಹಾಸಿಗೆ ಮೇಲೆ ಕೂತಂತೆ ಇತ್ತು. "ಮೆತ್ತಗಾಗೈತಲ್ಲೋ" ಅಂತ ಅಪ್ಪ ಖುಷಿ ಪಟ್ಟರು. ಊರ ಬಾಗಿಲ ಹಂಪ್ ಬಂತು. ಧಡ್ ಅಂತ ಶಾಕ್ ತಳ ಹೊಡೆಯಿತು. ಆ ಏಟು ನೇರ ಬೆನ್ನಿಗೆ. ಪಟ್ಟಾ ಇದ್ದಾಗಲೂ ಅಷ್ಟು ಜೋರು ಏಟು ಬಿದ್ದಿರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡರು. ನನಗೆ ತುಂಬಾ ಬೇಜಾರಾಯಿತು. ಅಲ್ಲಿಂದಲೇ ವಾಪಸ್ ಬಂದೆವು.

ಇನ್ನೊಂದು ಕೆಟ್ಟ ಗುಣವೂ ಕಂಡಿತು. ತಿರುವಿನಲ್ಲಿ ಮುಂಭಾಗ ಪಕ್ಕಕ್ಕೆ ಜಾರಿದಂತೆ ಅಲುಗುತ್ತಿತ್ತು. ಕೆಳಗೆ ಮಲಗಿ ನೋಡಿದೆ. ಚಾಸಿಯನ್ನು ತಮ್ಮನ ಕೈಯಲ್ಲಿ ಪಕ್ಕಕ್ಕೆ ನೂಕಿಸಿದರೆ ರಬ್ಬರ್ ಬುಷ್ ಹಿಗ್ಗಿ ಆಕ್ಸಲ್ 10 ಮಿ.ಮೀ. ಆಚೀಚೆ ಹೋಗುತ್ತಿತ್ತು.

ಆಗ ತಲೆಗೆ ಹೊಳೆಯಿತು. ಪಟ್ಟಾ ಭಾರ ಮಾತ್ರ ಹೊರುತ್ತಿರಲಿಲ್ಲ. ಆಕ್ಸಲ್ ಹಿಂದೆ ಮುಂದೆ ಹೋಗದಂತೆ, ಪಕ್ಕಕ್ಕೆ ಸರಿಯದಂತೆ, ಸುತ್ತ ತಿರುಗದಂತೆ ಹಿಡಿದಿದ್ದೂ ಅದೇ. ಕಾಯಿಲೋವರ್ ಭಾರ ಹೊರುತ್ತದೆ, ಏನನ್ನೂ ಹಿಡಿಯುವುದಿಲ್ಲ. ಪಟ್ಟಾ ಕಿತ್ತವನು ಅದು ಮಾಡುತ್ತಿದ್ದ ಎಲ್ಲ ಕೆಲಸಕ್ಕೂ ಬೇರೆ ಆಳು ಇಡಬೇಕು.

4. ಜನವರಿ 19: ಅಕ್ಕಿ ಚೀಲದ ಪರೀಕ್ಷೆ

ಈ ಸಲ ಅಳೆದೇ ಕೊಳ್ಳೋಣ ಅಂತ ಕೂತೆ. ಸ್ಪ್ರಿಂಗ್ ಪರೀಕ್ಷೆ ಮಾಡುವ ಮಷಿನ್ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಮಿಲ್‌ನಲ್ಲಿ 25 ಕೆ.ಜಿ. ಅಕ್ಕಿ ಚೀಲಕ್ಕೆ ಬರ ಇಲ್ಲ. ಎರಡು ಪೈಪ್ ನೆಟ್ಟಗೆ ನಿಲ್ಲಿಸಿ, ನಡುವೆ ಜಾರುವ ಹಲಗೆ ಇಟ್ಟು, ಹಲಗೆ ಕೆಳಗೆ ಶಾಕ್ ನಿಲ್ಲಿಸಿದೆ. ಮೇಲೆ ಒಂದೊಂದೇ ಚೀಲ ಇಟ್ಟು ಸ್ಕೇಲ್ ಹಿಡಿದೆ.

ಗುಜರಿ ಶಾಕ್: ಎರಡು ಚೀಲಕ್ಕೆ 40 ಮಿ.ಮೀ., ಮೂರಕ್ಕೆ 60, ನಾಲ್ಕಕ್ಕೆ ತಳ. ಅದರ ಪೂರ್ತಿ ಓಟವೇ (ಕುಗ್ಗುವ ದೂರ) 75 ಮಿ.ಮೀ. ಅಂದರೆ ಒಂದು ಮಿ.ಮೀ. ಕುಗ್ಗಲು ಒಂದೂಕಾಲು ಕೆ.ಜಿ. ಸಾಕು. ನನ್ನ ಪುಸ್ತಕದಲ್ಲಿ ಬರೆದಿದ್ದು 102 ಕೆ.ಜಿ. ಇಬ್ಬರು ಕೂತ ತಕ್ಷಣವೇ ಶಾಕ್ ತಳ ಮುಟ್ಟಿತ್ತು. ಹಂಪ್ ಬರುವ ತನಕ ಅದು ನನಗೆ ಗೊತ್ತಾಗಿರಲಿಲ್ಲ. ಈ ಪರೀಕ್ಷೆಗೆ ಬೇಕಾದದ್ದು ಅರ್ಧ ಗಂಟೆ. ಅದನ್ನು ಮೊದಲೇ ಮಾಡಿದ್ದರೆ ಅಪ್ಪನ ಬೆನ್ನಿಗೆ ಆ ಏಟು ಬೀಳುತ್ತಿರಲಿಲ್ಲ.

ಲೆಕ್ಕ ಹಾಕಿದೆ. ಖಾಲಿ ಗಾಡಿಯಲ್ಲಿ ಓಟದ ಮೂರನೇ ಒಂದು ಭಾಗ ಕುಗ್ಗಬೇಕು, ಜನ ಕೂತರೆ ಅರ್ಧದ ಆಸುಪಾಸು. ಹಾಗಾದರೆ ಮಿ.ಮೀ.ಗೆ 2ರಿಂದ 2.4 ಕೆ.ಜಿ.ಯ ಸ್ಪ್ರಿಂಗ್ ಬೇಕು. ಮಣ್ಣಿನ ದಾರಿಗೆ ಮಾಡಿದ ನಾಲ್ಕು ಚಕ್ರದ ಎಟಿವಿ ಗಾಡಿಗೆ ಬರುವ, ಸ್ಪ್ರಿಂಗ್ ಒತ್ತುವ ಬಳೆ (ಕಾಲರ್) ತಿರುಗಿಸಿ ಎತ್ತರ ಹೊಂದಿಸುವ 320 ಮಿ.ಮೀ. ಶಾಕ್ ತರಿಸಿದೆ. ಒಂದು ಜೊತೆಯ ಬೆಲೆ 6,800 ರೂಪಾಯಿ. ಬಂದ ಕೂಡಲೇ ಹಲಗೆ ಕೆಳಗೆ ಇಟ್ಟೆ. ಎರಡು ಚೀಲಕ್ಕೆ 23, ನಾಲ್ಕಕ್ಕೆ 45 ಮಿ.ಮೀ. ಓಟ 85. ಸರಿಯಾಗಿ ಹೊಂದಿತು.

5. ಜನವರಿ 26 ಮತ್ತು ಫೆಬ್ರವರಿ 2: ಅಡ್ಡ ರಾಡ್

ಹೊಸ ಶಾಕ್ ಕೂರಿಸಿದೆ. ಕಾಲರ್ 5 ಮಿ.ಮೀ. ಬಿಗಿದೆ. ಖಾಲಿ ಗಾಡಿ 27 ಮಿ.ಮೀ. ಕುಗ್ಗಿ ನಿಂತಿತು, ಇಬ್ಬರು ಕೂತಾಗ 43. ಕಾಲರ್ ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಹಾಗಲ್ಲ. ಗಾಡಿ ಮೇಲೆ ಏಳುತ್ತದೆ ಅಷ್ಟೇ. ಸ್ಪ್ರಿಂಗ್ ಮೆದುವಾಗಿದ್ದರೆ ಸ್ಪ್ರಿಂಗನ್ನೇ ಬದಲಾಯಿಸಬೇಕು.

ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಯಿಂದ ಆಕ್ಸಲ್‌ಗೆ ಒಂದು ಅಡ್ಡ ರಾಡ್ ಹಾಕಬೇಕು. ಪ್ಯಾನ್‌ಹಾರ್ಡ್ ರಾಡ್ ಅಂತಾರೆ. ಬ್ಯಾಟರಿ ಟ್ರೇ ಕೆಳಗೆ ಸಿಕ್ಕ ಜಾಗದಲ್ಲಿ 300 ಮಿ.ಮೀ. ರಾಡ್ ಓರೆಯಾಗಿ ಹಾಕಿದೆ. ಅವಸರ ಮಾಡಿದೆ.

ಓಡಿಸಿ ನೋಡಿದರೆ ಪ್ರತಿ ತಗ್ಗಿಗೂ ಸ್ಟೇರಿಂಗ್ ತಾನಾಗೇ ಎಡಕ್ಕೆ ಎಳೆಯುತ್ತಿತ್ತು. ಕೈ ಸಡಿಲ ಬಿಟ್ಟರೆ ಕಾಲುವೆಗೆ. ಕಾರಣ ಹುಡುಕಲು ಶಾಕ್ ಬಿಚ್ಚಿ, ಆಕ್ಸಲ್ ಕೆಳಗೆ ಜಾಕ್ ಇಟ್ಟು, ನಿಧಾನ ಮೇಲೆ ಕೆಳಗೆ ಮಾಡಿದೆ. ಚಕ್ರಕ್ಕೆ ಉದ್ದನೆ ಪೈಪ್ ಕಟ್ಟಿ, ಅದರ ತುದಿಗೆ ಸೀಮೆಸುಣ್ಣ ಸಿಕ್ಕಿಸಿ, ಎದುರು ಪ್ಲೈವುಡ್ ನಿಲ್ಲಿಸಿದ್ದೆ. ಸುಣ್ಣದ ಗೆರೆ ನೆಟ್ಟಗೆ ಬರಬೇಕಿತ್ತು. ಬಾಳೆಹಣ್ಣಿನಂತೆ ಬಾಗಿತು. ಓರೆ ರಾಡ್‌ನಿಂದ 40 ಮಿ.ಮೀ. ಏರಿಳಿತಕ್ಕೆ ಆಕ್ಸಲ್ 18 ಮಿ.ಮೀ. ಪಕ್ಕಕ್ಕೆ ಹೋಗುತ್ತಿತ್ತು. ಸ್ಟೇರಿಂಗ್ ಬಾಕ್ಸ್ ಚಾಸಿ ಮೇಲಿದೆ. ಆಕ್ಸಲ್ ಪಕ್ಕಕ್ಕೆ ಹೋದರೆ ಆ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ರಾಡ್, ಅಂದರೆ ಡ್ರ್ಯಾಗ್ ಲಿಂಕ್, ಚಕ್ರವನ್ನು ತಿರುಗಿಸಿಬಿಡುತ್ತದೆ.

ಮುಂದಿನ ಭಾನುವಾರ ಆ ಬ್ರಾಕೆಟ್ ಕತ್ತರಿಸಿ ತೆಗೆದೆ. ಅಡ್ಡ ರಾಡನ್ನು ಡ್ರ್ಯಾಗ್ ಲಿಂಕ್‌ಗೆ ಸಮಾನಾಂತರವಾಗಿ, ಹತ್ತಿರ ಹತ್ತಿರ ಅಷ್ಟೇ ಉದ್ದಕ್ಕೆ, 600 ಮಿ.ಮೀ. ಮಾಡಿದೆ. ಜನ ಕೂತಾಗ ನೆಲಕ್ಕೆ ಮಟ್ಟವಾಗಿ ಇರುವಂತೆ ಕೂರಿಸಿದೆ. ಈಗ 40 ಮಿ.ಮೀ. ಏರಿಳಿತಕ್ಕೆ ಆಕ್ಸಲ್ ಒಂದೂವರೆ ಮಿ.ಮೀ. ಕೂಡ ಪಕ್ಕಕ್ಕೆ ಸರಿಯುವುದಿಲ್ಲ. ಎರಡೂ ರಾಡ್ ಒಂದೇ ರೀತಿ ಏರಿಳಿಯುವುದರಿಂದ ಸ್ಟೇರಿಂಗ್‌ಗೆ ಏನೂ ಗೊತ್ತಾಗುವುದಿಲ್ಲ. ಸುಣ್ಣದ ಗೆರೆ ನೆಟ್ಟಗಾಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಸಂತೋಷ ಕೊಟ್ಟ ಗಳಿಗೆ ಅದು. ಆ ಪ್ಲೈವುಡ್ ಇನ್ನೂ ಇಟ್ಟುಕೊಂಡಿದ್ದೇನೆ.

6. ಫೆಬ್ರವರಿ 23: ಬಿರುಕು

ಮೂರು ವಾರ ಅಪ್ಪ ದಿನಾ ಓಡಾಡಿದರು. ತೊಳೆಯುವಾಗ ಎಡಗಡೆ ಆಕ್ಸಲ್ ಬ್ರಾಕೆಟ್ ಪಕ್ಕ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡಿತು. ತಂತಿ ಬ್ರಷ್ ಹಾಕಿ ಉಜ್ಜಿದರೆ ವೆಲ್ಡಿಂಗ್ ಉದ್ದಕ್ಕೂ 35 ಮಿ.ಮೀ. ಬಿರುಕು. ಎದೆ ಝಲ್ ಅಂದಿತು. ಆ ದಿನದಿಂದ ಕಾರ್ಟ್ ನಿಲ್ಲಿಸಿದೆ.

ವೆಲ್ಡಿಂಗ್ ಕಳಪೆ ಅಂತ ಮೊದಲು ಅನಿಸಿತು. ಆದರೆ ತಪ್ಪು ವಿನ್ಯಾಸದ್ದು. ಆರ್ಮ್‌ಗಳನ್ನು ಆಕ್ಸಲ್‌ಗೆ ಎರಡೆರಡು ಬೋಲ್ಟ್ ಹಾಕಿ ಬಿಗಿದಿದ್ದೆನಲ್ಲ, ಒಂದು ಚಕ್ರ ಮಾತ್ರ ಕಲ್ಲು ಹತ್ತಿದಾಗ ಎರಡು ಆರ್ಮ್ ಬೇರೆ ಬೇರೆ ಕೋನಕ್ಕೆ ಹೋಗುತ್ತವೆ. ನಡುವೆ ಇರುವ ಆಕ್ಸಲ್ ಪೈಪನ್ನು ಬಟ್ಟೆ ಹಿಂಡಿದಂತೆ ಹಿಂಡುತ್ತವೆ. ನಾನು ಗಟ್ಟಿ ಅಂದುಕೊಂಡಿದ್ದೇ ಅದನ್ನು ಮುರಿಯಿತು. ಬರೀ ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಹಾಕಿದ್ದರೆ ಮತ್ತೆ ಒಂದು ತಿಂಗಳಿಗೆ ಅಲ್ಲೇ ಬಿರುಕು ಬಿಡುತ್ತಿತ್ತು.

7. ಮಾರ್ಚ್ 2 ಮತ್ತು 9: ಮೂರನೇ ಕಟ್ಟು

ಈ ಸಲ ಆಕ್ಸಲ್ ಕಡೆಯ ಕೀಲು ತಿರುಗಬೇಕು. ಕೆಳಗೆ ಎರಡು ಲಿಂಕ್, ಒಂದೊಂದು ತುದಿಗೆ ಒಂದೊಂದೇ ಎಂ12 ಬೋಲ್ಟ್. ಹಾಗೆ ಬಿಟ್ಟರೆ ಆಕ್ಸಲ್ ತನ್ನ ಸುತ್ತ ಉರುಳಿಬಿಡುತ್ತದೆ, ಕಿಂಗ್‌ಪಿನ್ ಓರೆ ಕೆಡುತ್ತದೆ. ಅದಕ್ಕೆ ಮೇಲೆ ನಡುವೆ ಒಂದು ಲಿಂಕ್. ಒಟ್ಟು ಮೂರು, ಜೊತೆಗೆ ಅಡ್ಡ ರಾಡ್. ಮೇಲಿನ ಲಿಂಕ್ ಕೆಳಗಿನವಕ್ಕೆ ಸಮಾನಾಂತರವಾಗಿ, ಅಷ್ಟೇ ಉದ್ದ ಇರಲಿ. ಆಗ ಏರಿಳಿತದಲ್ಲಿ ಓರೆ ಬದಲಾಗುವುದಿಲ್ಲ.

ಪ್ರತಿ ರಾಡ್‌ಗೂ ಒಂದು ಕಡೆ ರಬ್ಬರ್ ಬುಷ್, ಇನ್ನೊಂದು ಕಡೆ ಉದ್ದ ಹೊಂದಿಸುವ ರಾಡ್ ಎಂಡ್, ಅಂದರೆ ಗುಂಡಿನ ಕೀಲು. ಎರಡೂ ಕಡೆ ರಾಡ್ ಎಂಡ್ ಹಾಕಿದರೆ ಸದ್ದು ಜಾಸ್ತಿ, ನಮ್ಮ ಕೆಂಪು ಮಣ್ಣಿನ ಧೂಳಿಗೆ ಬೇಗ ಸವೆಯುತ್ತವೆ. ಇದ್ದ ನಾಲ್ಕಕ್ಕೂ ಹಳೆ ಸೈಕಲ್ ಟ್ಯೂಬ್ ತುಂಡು ತೊಡಿಸಿ, ಗ್ರೀಸ್ ತುಂಬಿ, ಎರಡು ಕಡೆ ಕಟ್ಟಿದೆ. ಬುಷ್‌ಗೆ ಬೇಕಾದ ಸ್ಲೀವ್‌ಗಳನ್ನು ಲೇತ್‌ನಲ್ಲಿ ಮಾಡಿಸಿದೆ. ಟ್ರ್ಯಾಕ್ಟರ್, ಮಿಲ್ ಶಾಫ್ಟ್ ಕೆಲಸ ಮಾಡುವ ಲೇತ್‌ನವರಿಗೆ ಇದು ಕೈ ತುದಿಯ ಕೆಲಸ.

ಆಕ್ಸಲ್ ವೆಲ್ಡಿಂಗ್ ನಾನು ಮಾಡಲಿಲ್ಲ. ಟ್ರಾಲಿ ಆಕ್ಸಲ್ ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದೆ. ಅವರು ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದರು. ಬಿರುಕು ಮುಂದೆ ಹರಿಯದಂತೆ ಅದು ತಡೆಯುತ್ತದೆ. ಆಮೇಲೆ ಗ್ರೈಂಡರ್‌ನಿಂದ ಹಳೆಯದನ್ನೆಲ್ಲ ತೆಗೆದು ಹೊಸದಾಗಿ ಬೆಸೆದರು. "ಅವಸರ ಮಾಡಬ್ಯಾಡ್ರಿ, ತಣ್ಣಗ ಆಗಲಿ. ನೀರು ಹಾಕಿದ್ರ ಮತ್ತ ಸೀಳ್ತೈತಿ" ಅಂದರು. ಅರ್ಧ ದಿನ ಮುಟ್ಟಲಿಲ್ಲ.

9ನೇ ತಾರೀಕು ಅಲೈನ್‌ಮೆಂಟ್. ಮೇಲಿನ ಲಿಂಕ್ ತಿರುಗಿಸಿ ಓರೆಯನ್ನು ಮತ್ತೆ 5 ಡಿಗ್ರಿಗೆ ತಂದೆ. ಟೈರ್ ತಿರುಗಿಸುತ್ತ ಸುಣ್ಣದಲ್ಲಿ ನಡು ಗೆರೆ ಎಳೆದು, ಹಬ್ ಎತ್ತರದಲ್ಲಿ ಮುಂದೆ ಹಿಂದೆ ಟೇಪ್ ಹಿಡಿದೆ. ಮುಂದೆ 3 ಮಿ.ಮೀ. ಕಡಿಮೆ ಬರುವಂತೆ ಎರಡು ಚಕ್ರ ಜೋಡಿಸುವ ಟೈ ರಾಡ್ ಹೊಂದಿಸಿದೆ. ಗಾಳಿ 20 ಪಿಎಸ್‌ಐ. ಅಳೆಯುವಾಗ ಸೀಟಿನ ಮೇಲೆ ಆರು ಅಕ್ಕಿ ಚೀಲ ಇಟ್ಟಿದ್ದೆ, ಇಬ್ಬರ ತೂಕಕ್ಕೆ.

8. ಮಾರ್ಚ್ 30, ಯುಗಾದಿ

ಕೆಲಸ ಶುರು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿದ್ದೆ. ಮುಂದಿನ ಸೀಟಿನ ಕಾಲ ಬಳಿ ಐದು ಲೀಟರ್ ನೀರು ತುಂಬಿದ ಬಕೆಟ್ ಇಟ್ಟು, ಕಾಲುವೆ ದಾರಿಯಲ್ಲಿ 300 ಮೀಟರ್ ಓಡಿಸಿದ್ದೆ. ಆಗ ಚೆಲ್ಲಿದ್ದು 1.4 ಲೀಟರ್. ಯುಗಾದಿ ಬೆಳಗ್ಗೆ ಅದೇ ಬಕೆಟ್, ಅದೇ ದಾರಿ, ಅದೇ ವೇಗ. ಚೆಲ್ಲಿದ್ದು 350 ಮಿ.ಲೀ.

ಆಮೇಲೆ ಅಪ್ಪ ಹತ್ತಿದರು. ಊರ ಬಾಗಿಲ ಹಂಪ್ ಬಂದಾಗ ಕಂಬಿ ಹಿಡಿದರು. ದಾಟಿದ ಮೇಲೆ ಕೈ ಬಿಟ್ಟರು. ಗದ್ದೆ ಬದು ಹತ್ತಿರ ಇಳಿದು, ಸೊಂಟ ಮುಟ್ಟಿಕೊಳ್ಳದೆ ನೇರ ನೀರು ನೋಡಲು ಹೋದರು. ನಾನು ಹಿಂದೆ ನಿಂತು ಅದನ್ನೇ ನೋಡಿದೆ.

ಖರ್ಚು

ಗುಜರಿ ಶಾಕ್ 900. ಹೊಸ ಶಾಕ್ 6,800. ಪೈಪ್ ಮತ್ತು ಪ್ಲೇಟ್ 1,450. ರಬ್ಬರ್ ಬುಷ್ ಆರು, 720. ರಾಡ್ ಎಂಡ್ ನಾಲ್ಕು, 1,520. ಲೇತ್ 1,200. ವೆಲ್ಡಿಂಗ್ ರಾಡ್, ಕಟಿಂಗ್ ವೀಲ್ 640. ಮೇಸ್ತ್ರಿ ಕೂಲಿ 1,500. ಕಿಂಗ್‌ಪಿನ್ ಬುಷ್ 850. 8.8 ದರ್ಜೆಯ ಗಟ್ಟಿ ಬೋಲ್ಟ್ ಮತ್ತು ಸುಲಭಕ್ಕೆ ಸಡಿಲಾಗದ ನೈಲಾಕ್ ನಟ್ 520. ಪ್ರೈಮರ್, ಪೇಂಟ್ 380. ಒಟ್ಟು 16,480 ರೂಪಾಯಿ. ಇದರಲ್ಲಿ ಸುಮಾರು 3,000 ನನ್ನ ತಪ್ಪಿಗೆ ಹೋದದ್ದು. ಗುಜರಿ ಶಾಕ್, ಮೇಸ್ತ್ರಿ ಕೂಲಿ, ಕತ್ತರಿಸಿ ಎಸೆದ ಪೈಪ್.

ಒಂದು ತಿಂಗಳ ನಂತರ

ಮೊದಲ 50 ಕಿಲೋಮೀಟರಿಗೆ ಎಲ್ಲ ಬೋಲ್ಟ್‌ಗೆ ಪಾನಾ ಹಾಕಿದೆ. ಎರಡು ಸ್ವಲ್ಪ ತಿರುಗಿದವು. ನಟ್ ಮೇಲೆ ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ, ಸಡಿಲಾದರೆ ದೂರದಿಂದಲೇ ಗೊತ್ತಾಗುತ್ತದೆ. ಆಕ್ಸಲ್ ವೆಲ್ಡಿಂಗ್ ಹತ್ತಿರ ಕಪ್ಪು ಬಣ್ಣ ಬಳಿದಿಲ್ಲ, ಬಿಳಿ ಬಳಿದಿದ್ದೇನೆ. ಬಿರುಕು ಬಂದರೆ ತುಕ್ಕಿನ ಗೆರೆ ಕಾಣಲಿ ಅಂತ. ಪ್ರತಿ ಭಾನುವಾರ ಅಲ್ಲಿ ಬಟ್ಟೆ ಹಾಕಿ ಒರೆಸಿ ನೋಡುತ್ತೇನೆ. ಇಲ್ಲಿಯವರೆಗೆ ಏನಿಲ್ಲ. ಅಡ್ಡ ರಾಡ್‌ನ ರಾಡ್ ಎಂಡ್ ಒಂದರಲ್ಲಿ ಕೂದಲಷ್ಟು ಆಟ ಬಂದಿದೆ. ಅದರ ಟ್ಯೂಬ್ ಹರಿದು ಧೂಳು ಹೊಕ್ಕಿತ್ತು. ಹೊಸದು ತಂದಿಟ್ಟಿದ್ದೇನೆ, ಮಳೆಗಾಲದ ಕೆಸರು ಶುರುವಾಗುವ ಮುಂಚೆ ಬದಲಾಯಿಸುತ್ತೇನೆ.

ಮುಂದೆ ಮೆತ್ತಗಾದ ಮೇಲೆ ಹಿಂದಿನ ಪಟ್ಟಾ ಎಷ್ಟು ಗಟ್ಟಿ ಅಂತ ಈಗ ಗೊತ್ತಾಗುತ್ತಿದೆ. ಹಿಂದಿನ ಸೀಟಿನಲ್ಲಿ ಕೂರುವುದು ಅಮ್ಮ. ಹಿಂದಿನ ಚಕ್ರಗಳ ತೂಕ ವೇ ಬ್ರಿಡ್ಜ್ ಮೇಲೆ ಆಗಲೇ ನೋಡಿಟ್ಟಿದ್ದೇನೆ.